ಡೀಸೆಲ್ ಬಾಯ್ಲರ್ ತೆಗೆದು ಕರೆಂಟ್ ಹಾಕಿಸಿದರೆ ಗಿಟ್ಟುತ್ತದೆಯೇ? ಸಣ್ಣ ಕೈಗಾರಿಕೆಗಳ ಬಳಗದಲ್ಲಿ ಪ್ರಶ್ನೋತ್ತರ

ಬಳಗದ ನಿರ್ವಾಹಕರು: ಈ ವಾರದ ವಿಷಯ ಬಾಯ್ಲರ್, ಕುಲುಮೆ, ಒಲೆ. ಡೀಸೆಲ್, ಎಲ್‌ಪಿಜಿ, ಫರ್ನೇಸ್ ಆಯಿಲ್, ಸೌದೆ ಬಿಟ್ಟು ವಿದ್ಯುತ್ತಿನಿಂದ ಶಾಖ ಪಡೆಯುವುದು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ನಮ್ಮಂಥ ಸಣ್ಣ ಘಟಕಗಳಿಗೆ ಲಾಭವೇ ಎಂದು ಬಹಳ ಜನ ಕೇಳುತ್ತಿದ್ದಿರಿ. ತುಮಕೂರಿನಲ್ಲಿ ನೆಲೆಸಿರುವ ಎನರ್ಜಿ ಆಡಿಟರ್ ಒಬ್ಬರು ಉತ್ತರಿಸಲು ಒಪ್ಪಿದ್ದಾರೆ. ಪ್ರಶ್ನೆಯ ಜೊತೆ ನಿಮ್ಮ ಇಂಧನದ ಲೆಕ್ಕವನ್ನೂ ಹಾಕಿ. "ಎಷ್ಟು ಉಳಿಯುತ್ತದೆ ಸರ್?" ಎಂದು ಮಾತ್ರ ಕೇಳಿದರೆ ಅವರು ಉತ್ತರಿಸುವುದಿಲ್ಲವಂತೆ.

ಆಡಿಟರ್: ನಮಸ್ಕಾರ. ಪ್ರಶ್ನೆಗಳು ಬರುವ ಮುನ್ನ ಎಲ್ಲರೂ ಒಂದೇ ಅಳತೆಗೋಲು ಹಿಡಿಯೋಣ. ಶಾಖವನ್ನೂ ಕರೆಂಟ್ ಬಿಲ್ಲಿನ ಯೂನಿಟ್‌ನಲ್ಲೇ (ಕಿಲೋವಾಟ್-ಗಂಟೆ) ಅಳೆಯಿರಿ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 10 ಯೂನಿಟ್ ಶಾಖ. 19 ಕೆ.ಜಿ.ಯ ವಾಣಿಜ್ಯ ಸಿಲಿಂಡರಿನಲ್ಲಿ ಸುಮಾರು 240 ಯೂನಿಟ್. ಒಣಗಿದ ಸೌದೆ ಕೆ.ಜಿ.ಗೆ 4 ಯೂನಿಟ್‌ಗೆ ತುಸು ಕಡಿಮೆ, ಹಸಿ ಸೌದೆಯಾದರೆ ಎರಡೂವರೆಗೂ ಇಳಿಯುತ್ತದೆ. ಡೀಸೆಲ್ 90 ರೂಪಾಯಿ, ಸಿಲಿಂಡರ್ 1,700 ರೂಪಾಯಿ, ಸೌದೆ ಕೆ.ಜಿ.ಗೆ 6 ರೂಪಾಯಿ, ಕರೆಂಟ್ 7 ರೂಪಾಯಿ ಎಂದು ಹಿಡಿಯುತ್ತೇನೆ. ನಿಮ್ಮ ದರ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ.

ಈ ಲೆಕ್ಕದಲ್ಲಿ ಸುಟ್ಟ ಒಂದು ಯೂನಿಟ್ ಶಾಖಕ್ಕೆ ಡೀಸೆಲ್‌ನಲ್ಲಿ 9 ರೂಪಾಯಿ, ಎಲ್‌ಪಿಜಿಯಲ್ಲಿ 7, ಸೌದೆಯಲ್ಲಿ ಒಂದೂವರೆ ಚಿಲ್ಲರೆ ಬೀಳುತ್ತದೆ. ಆದರೆ ಸುಟ್ಟದ್ದೆಲ್ಲ ಸರಕಿಗೆ ತಲುಪುವುದಿಲ್ಲ. ಚಿಮಣಿಯಲ್ಲಿ ಒಂದು ಪಾಲು, ಹೊದಿಕೆ ಹಾಕದ ಹಬೆ ಪೈಪಿನಲ್ಲಿ ಒಂದು ಪಾಲು, ಸೋರುವ ಟ್ರ್ಯಾಪ್‌ನಲ್ಲಿ (ಹಬೆ ತಣಿದು ಆದ ನೀರನ್ನು ಹೊರಬಿಡುವ ಕವಾಟ) ಇನ್ನೊಂದು ಪಾಲು ಹೋಗುತ್ತದೆ. ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಶಾಖ ಬೇಕಾದ ಜಾಗದಲ್ಲಿ ಎಷ್ಟು ಡಿಗ್ರಿ ಬೇಕು? ನಿಮ್ಮ ಬಾಯ್ಲರ್ ಎಷ್ಟು ಟನ್ ಎಂಬುದು ಆಮೇಲಿನ ಮಾತು.

ಹಿರೇಹಳ್ಳಿ, ಪೌಡರ್ ಕೋಟಿಂಗ್ ಘಟಕ: ಸರ್, ತಗಡಿನ ಬಿಡಿಭಾಗಗಳನ್ನು ತೊಳೆಯುವ ಮತ್ತು ಬಣ್ಣದ ಪುಡಿ ಹಿಡಿಯಲೆಂದು ಫಾಸ್ಫೇಟ್ ಲೇಪ ಕೊಡುವ ನಮ್ಮ ತೊಟ್ಟಿಗಳು 55ರಿಂದ 60 ಡಿಗ್ರಿ ಇರಬೇಕು. ಅದಕ್ಕೆ ಡೀಸೆಲ್ ಬಾಯ್ಲರ್ ಇದೆ, ದಿನಕ್ಕೆ 120 ಲೀಟರ್ ಕುಡಿಯುತ್ತದೆ. ಓವನ್ 190 ಡಿಗ್ರಿ, ಎಲ್‌ಪಿಜಿಯಲ್ಲಿ ನಡೆಯುತ್ತದೆ. ಒಬ್ಬ ಮಾರಾಟಗಾರರು 144 ಕಿಲೋವಾಟ್‌ನ ಎಲೆಕ್ಟ್ರಿಕ್ ಬಾಯ್ಲರ್ ಹಾಕಿಸಿ, ಡೀಸೆಲ್ ಮರೆತುಬಿಡಿ ಎನ್ನುತ್ತಿದ್ದಾರೆ. ಹಾಕಿಸಲೇ?

ಆಡಿಟರ್: ಬೇಡ. ಮಾರಾಟಗಾರರು ಹೇಳಿದ ಉಳಿತಾಯ ಸುಳ್ಳಲ್ಲ, ಆದರೂ ಬೇಡ.

120 ಲೀಟರ್ ಎಂದರೆ 1,200 ಯೂನಿಟ್ ಶಾಖ, ದಿನಕ್ಕೆ 10,800 ರೂಪಾಯಿ. ನಿಮ್ಮಂಥ ಘಟಕದಲ್ಲಿ ಅದರ ಅರ್ಧ, ಅಂದರೆ ಸುಮಾರು 600 ಯೂನಿಟ್, ತೊಟ್ಟಿಗೆ ತಲುಪಿದರೆ ಹೆಚ್ಚು. ಆ 600 ಯೂನಿಟ್‌ಗಳನ್ನು ನೇರವಾಗಿ ಹೀಟರ್‌ನಿಂದ ಕೊಟ್ಟರೆ 4,200 ರೂಪಾಯಿ. ಆದ್ದರಿಂದ ಎಲೆಕ್ಟ್ರಿಕ್ ಬಾಯ್ಲರ್ ಕೂಡ ಡೀಸೆಲ್‌ಗಿಂತ ಅಗ್ಗವೇ. ಮಾರಾಟಗಾರರ ಮಾತು ಇಲ್ಲಿಗೆ ನಿಲ್ಲುತ್ತದೆ. ನಾವು ಮುಂದೆ ಹೋಗೋಣ.

ನಿಮಗೆ ಬೇಕಾಗಿರುವುದು 60 ಡಿಗ್ರಿ. 60 ಡಿಗ್ರಿಗೆ ಹಬೆ ಯಾಕೆ? ಹೀಟ್ ಪಂಪ್ ಸಾಕು. ಮನೆಯ ಫ್ರಿಜ್ ಒಳಗಿನ ಶಾಖವನ್ನು ಎಳೆದು ಹಿಂಭಾಗದಲ್ಲಿ ಹೊರಹಾಕುತ್ತದಲ್ಲ, ಅದೇ ಯಂತ್ರ. ಇಲ್ಲಿ ಹೊರಗಿನ ಗಾಳಿಯಿಂದ ಶಾಖ ಎಳೆದು ನೀರಿಗೆ ಕೊಡುತ್ತದೆ. ಒಂದು ಯೂನಿಟ್ ಕರೆಂಟ್ ಕೊಟ್ಟರೆ 65 ಡಿಗ್ರಿ ನೀರಿನ ರೂಪದಲ್ಲಿ ಮೂರು ಯೂನಿಟ್‌ಗಿಂತ ಹೆಚ್ಚು ಶಾಖ ಸಿಗುತ್ತದೆ. ಈ ಅನುಪಾತವನ್ನೇ ಸಿಒಪಿ ಎನ್ನುತ್ತಾರೆ. 3.2 ಎಂದು ಹಿಡಿದರೆ ನಿಮ್ಮ 600 ಯೂನಿಟ್ ಶಾಖಕ್ಕೆ 190 ಯೂನಿಟ್ ಕರೆಂಟ್ ಸಾಕು, ಅಂದರೆ ಸುಮಾರು 1,300 ರೂಪಾಯಿ.

ಹಣಕ್ಕಿಂತ ದೊಡ್ಡ ವ್ಯತ್ಯಾಸ ಲೋಡ್‌ನಲ್ಲಿದೆ, ಅಂದರೆ ಒಂದೇ ಹೊತ್ತಿಗೆ ಎಳೆಯುವ ಕರೆಂಟಿನ ಪ್ರಮಾಣದಲ್ಲಿ. 600 ಯೂನಿಟ್‌ಗಳನ್ನು 10 ಗಂಟೆಯ ಪಾಳಿಗೆ ಹಂಚಿದರೆ ಹೀಟರ್‌ಗೆ 60 ಕಿಲೋವಾಟ್, ಹೀಟ್ ಪಂಪ್‌ಗೆ 20ರ ಒಳಗೆ. ಆ 144 ಕಿಲೋವಾಟ್ ಎಲ್ಲಿಂದ ಬಂತು? ನಿಮ್ಮ ಹಳೆಯ ಬಾಯ್ಲರಿನ ತಾಕತ್ತನ್ನು ನೋಡಿ ಹಾಗೆಯೇ ಬರೆದಿದ್ದಾರೆ. ಅಷ್ಟು ಲೋಡ್ ಕೇಳಿದರೆ ಬಳಸಲಿ ಬಿಡಲಿ ತಿಂಗಳು ತಿಂಗಳು ನಿಗದಿತ ಶುಲ್ಕ ಕಟ್ಟಬೇಕು, ಟ್ರಾನ್ಸ್‌ಫಾರ್ಮರ್ ಬದಲಾಯಿಸುವ ಖರ್ಚೂ ನಿಮ್ಮ ತಲೆಗೇ ಬರಬಹುದು.

ಇನ್ನು ಎಚ್ಚರಿಕೆಯ ಮಾತು. ಹಬೆಯ ಕಾಯಿಲ್ 140 ಡಿಗ್ರಿಯಲ್ಲಿರುತ್ತದೆ, ತೊಟ್ಟಿ 55ರಲ್ಲಿ. ನಡುವೆ 85 ಡಿಗ್ರಿ ಅಂತರವಿರುವುದರಿಂದ ಸಣ್ಣ ಕಾಯಿಲ್‌ನಲ್ಲೇ ಕೆಲಸ ನಡೆಯುತ್ತದೆ. ಹೀಟ್ ಪಂಪಿನ ನೀರು 65 ಡಿಗ್ರಿಯಾದರೆ ಅಂತರ 10 ಡಿಗ್ರಿ ಮಾತ್ರ. ಹಳೆಯ ಕಾಯಿಲ್‌ಗೇ ಆ ನೀರನ್ನು ಹರಿಸಿದರೆ ತೊಟ್ಟಿ ಮಧ್ಯಾಹ್ನವಾದರೂ ಬಿಸಿಯಾಗುವುದಿಲ್ಲ. ಆಗ "ಹೀಟ್ ಪಂಪ್ ನಮ್ಮ ಊರಿಗೆ ಆಗಿಬರುವುದಿಲ್ಲ" ಎಂಬ ಹೆಸರು ಬರುತ್ತದೆ. ತೊಟ್ಟಿಯ ಹೊರಗೆ ಪ್ಲೇಟ್ ಎಕ್ಸ್‌ಚೇಂಜರ್ (ತೆಳು ತಗಡುಗಳ ಮೂಲಕ ಬಿಸಿನೀರಿನ ಶಾಖವನ್ನು ದ್ರಾವಣಕ್ಕೆ ದಾಟಿಸುವ ಸಾಧನ) ಇಟ್ಟು ದ್ರಾವಣವನ್ನು ಅದರ ಮೂಲಕ ಸುತ್ತಿಸಬೇಕು. ಗ್ರೀಸ್ ತೆಗೆಯುವ ತೊಟ್ಟಿಗೂ ಬಿಸಿನೀರಿನ ತೊಟ್ಟಿಗೂ ಇದು ಚೆನ್ನಾಗಿ ಒಗ್ಗುತ್ತದೆ. ಫಾಸ್ಫೇಟ್ ತೊಟ್ಟಿಯ ಕೆಸರು ಪ್ಲೇಟುಗಳ ನಡುವೆ ಕಟ್ಟಿಕೊಳ್ಳುತ್ತದೆ. ಅದೊಂದಕ್ಕೆ ಸಣ್ಣ ಇಮ್ಮರ್ಷನ್ ಹೀಟರ್ ಇಟ್ಟುಬಿಡಿ.

ಅದಕ್ಕೂ ಮೊದಲು ನಿಮ್ಮ ರಾಸಾಯನಿಕ ಪೂರೈಸುವವರನ್ನು ಕೇಳಿ. 45 ಡಿಗ್ರಿಯಲ್ಲೇ ಜಿಡ್ಡು ಬಿಡಿಸುವ ದ್ರಾವಣಗಳಿವೆ. ಫಾಸ್ಫೇಟ್ ಬದಲು ಜಿರ್ಕೋನಿಯಂ ಆಧಾರಿತ ಲೇಪ ಕೋಣೆಯ ಉಷ್ಣತೆಯಲ್ಲೇ ನಡೆಯುತ್ತದೆ. ನಿಮ್ಮ ಗ್ರಾಹಕ ಕಂಪನಿ ಒಪ್ಪಿದರೆ ಅರ್ಧ ಶಾಖದ ಅಗತ್ಯವೇ ಹೋಗುತ್ತದೆ. ಬೇಡವಾದ ಶಾಖವನ್ನು ಅಗ್ಗವಾಗಿ ಕೊಡುವ ಯಂತ್ರ ಕೊಂಡು ಏನು ಪ್ರಯೋಜನ?

ಓವನ್‌ಗೆ ಸದ್ಯ ಕೈ ಹಾಕಬೇಡಿ. 190 ಡಿಗ್ರಿಗೆ ಮಾರುಕಟ್ಟೆಯ ಸಾಮಾನ್ಯ ಹೀಟ್ ಪಂಪ್ ಏರುವುದಿಲ್ಲ. ಎಲ್‌ಪಿಜಿಯ ಜ್ವಾಲೆ ನೇರವಾಗಿ ಓವನ್‌ನ ಗಾಳಿಯನ್ನೇ ಕಾಯಿಸುತ್ತಿದ್ದರೆ ನಷ್ಟ ಕಡಿಮೆ. ಯೂನಿಟ್‌ಗೆ 7 ರೂಪಾಯಿಯ ಗ್ಯಾಸ್ ತೆಗೆದು 7 ರೂಪಾಯಿಯ ಕರೆಂಟ್ ಹಾಕುವುದರಲ್ಲಿ ಏನೂ ಮಿಗುವುದಿಲ್ಲ. ಚಪ್ಪಟೆ ತಗಡುಗಳೇ ಹೆಚ್ಚಿದ್ದರೆ ಇನ್ಫ್ರಾರೆಡ್ ಯೋಚಿಸಬಹುದು. ಮೂಲೆ ಮುಡುಕಿರುವ ಭಾಗಗಳಾದರೆ ನೆರಳು ಬಿದ್ದ ಕಡೆ ಪುಡಿ ಸರಿಯಾಗಿ ಬೇಯುವುದಿಲ್ಲ.

ಹಿರೇಹಳ್ಳಿ: ಡಿಸೆಂಬರ್ ಚಳಿಯಲ್ಲಿ ಗಾಳಿಯಿಂದ ಶಾಖ ಎಲ್ಲಿಂದ ಬರುತ್ತದೆ ಸರ್?

ಆಡಿಟರ್: ಬರುತ್ತದೆ, ಸ್ವಲ್ಪ ಕಡಿಮೆ. ಬೆಳಗಿನ ಜಾವ 14–15 ಡಿಗ್ರಿ ಇದ್ದಾಗ ಸಿಒಪಿಯೂ ಇಳಿಯುತ್ತದೆ, ಯಂತ್ರದ ಒಟ್ಟು ತಾಕತ್ತೂ ಇಳಿಯುತ್ತದೆ. ಹಿಮ ಬೀಳುವ ದೇಶಗಳಲ್ಲೇ ಇದು ಓಡುತ್ತಿದೆ, ನಮ್ಮ ಚಳಿ ಯಾವ ಲೆಕ್ಕ. ನಿಮ್ಮ ಓವನ್ ಪಕ್ಕದ ಬಿಸಿಗಾಳಿಯನ್ನು ಯಂತ್ರದ ಬಾಯಿಗೆ ತಿರುಗಿಸಿದರೆ ಆ ಕೊರತೆಯೂ ತುಂಬುತ್ತದೆ.

ಶಿಡ್ಲಘಟ್ಟ, ರೇಷ್ಮೆ ರೀಲರ್: ಅಣ್ಣ, ನಮ್ಮದು ಕಾಟೇಜ್ ಬೇಸಿನ್, ಗೂಡು ಬೇಯಿಸಿ ಬಿಸಿನೀರಿನ ಬೇಸಿನ್‌ನಲ್ಲಿ ರೇಷ್ಮೆ ಎಳೆ ತೆಗೆಯುವ ಸಣ್ಣ ಘಟಕ. ದಿನಕ್ಕೆ 100 ಕೆ.ಜಿ. ಗೂಡು, ಸೌದೆ 300 ಕೆ.ಜಿ. ಹಿಡಿಯುತ್ತದೆ. ಸೌದೆ ದುಬಾರಿಯಾಗಿದೆ, ಹೊಗೆಗೆ ಬೇಸಿನ್ ಮುಂದೆ ಕೂರುವ ಹೆಣ್ಣುಮಕ್ಕಳು ಬರುವುದಿಲ್ಲ ಎನ್ನುತ್ತಾರೆ. ಆದರೆ ನೀವೇ ಹೇಳಿದಿರಿ, ಸೌದೆ ಯೂನಿಟ್‌ಗೆ ಒಂದೂವರೆ ರೂಪಾಯಿ, ಕರೆಂಟ್ 7 ಎಂದು. ಮತ್ತೆ ನಮಗೆ ಇದು ಹೇಗೆ ಗಿಟ್ಟೀತು?

ಆಡಿಟರ್: ಸರಿಯಾದ ಪ್ರಶ್ನೆ ಕೇಳಿದಿರಿ. ಉತ್ತರ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನೀವು ದಿನಕ್ಕೆ ಸುಡುವುದು 300 ಕೆ.ಜಿ. ಎಂದರೆ ಸುಮಾರು 1,140 ಯೂನಿಟ್ ಶಾಖ, 1,800 ರೂಪಾಯಿ. ಈಗ ನೀರಿನ ಕಡೆಯಿಂದ ಲೆಕ್ಕ ಹಾಕೋಣ. ಒಂದು ಸಾವಿರ ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 1.16 ಯೂನಿಟ್ ಬೇಕು. ಗೂಡು ಬೇಯಿಸಲು ದಿನಕ್ಕೆ 400 ಲೀಟರ್ ನೀರನ್ನು 25ರಿಂದ 95 ಡಿಗ್ರಿಗೆ ಏರಿಸುತ್ತೀರಿ ಎಂದುಕೊಂಡರೆ 32 ಯೂನಿಟ್. ಎಳೆ ತೆಗೆಯುವ ಬೇಸಿನ್‌ಗಳಿಗೆ 1,500 ಲೀಟರ್ ನೀರನ್ನು 45 ಡಿಗ್ರಿಗೆ ತರುವುದಕ್ಕೆ 35 ಯೂನಿಟ್. ಆಮೇಲೆ ತೆರೆದ ಬಾಯಿಂದ ಆವಿಯಾಗುವ ನೀರು. ಒಂದು ಲೀಟರ್ ಆವಿಯಾದರೆ 0.65 ಯೂನಿಟ್ ಹೋಯಿತು, ನೂರು ಲೀಟರ್ ಆವಿಯಾದರೆ 65. ಎಲ್ಲ ಸೇರಿ 130ರ ಆಚೀಚೆ. ಗೋಡೆ, ಪೈಪ್, ಅದು ಇದು ಎಂದು ಧಾರಾಳವಾಗಿ ಸೇರಿಸಿ 180 ಎಂದು ಹಿಡಿಯಿರಿ.

1,140 ಸುಟ್ಟು 180ರ ಕೆಲಸ. ಉಳಿದದ್ದು ಒಲೆಯ ಬಾಯಿಂದಲೂ ಚಿಮಣಿಯಿಂದಲೂ ಶಿಡ್ಲಘಟ್ಟದ ಆಕಾಶಕ್ಕೆ ಹೋಗಿದೆ. ಸೌದೆ ಅಗ್ಗವಾದರೂ ನಿಮ್ಮ ನೀರಿಗೆ ತಲುಪಿದ ಶಾಖ ಯೂನಿಟ್‌ಗೆ 10 ರೂಪಾಯಿ ಬಿದ್ದಿದೆ. ಅದು ಕರೆಂಟ್‌ಗಿಂತ ದುಬಾರಿ.

ಈ ಮಾತು ನಿಮ್ಮ ಒಲೆಗೆ ಮಾತ್ರ ಅನ್ವಯ. ಒಳ್ಳೆಯ ಬಾಯ್ಲರಿನಲ್ಲಿ ಒಣ ಸೌದೆಯನ್ನೋ ಬ್ರಿಕೆಟ್ಟನ್ನೋ (ಹೊಟ್ಟು, ಪುಡಿ ಒತ್ತಿ ಮಾಡಿದ ತುಂಡು) ಸುಟ್ಟು ಶೇ 65ರಷ್ಟು ಶಾಖವನ್ನು ಸರಕಿಗೆ ಮುಟ್ಟಿಸುವವರಿಗೆ ಯೂನಿಟ್ ಎರಡೂವರೆ, ಮೂರು ರೂಪಾಯಿಗೆ ಬೀಳುತ್ತದೆ. ಅಂಥವರಿಗೆ ನಾನು ಕರೆಂಟ್ ಹಾಕಿಸಿ ಎನ್ನುವುದಿಲ್ಲ.

ನಿಮ್ಮ ಮನೆಯಲ್ಲಿ ಎರಡು ಬಗೆಯ ಶಾಖವಿದೆ. 45 ಡಿಗ್ರಿ ಕಡೆಯದನ್ನು ಹೀಟ್ ಪಂಪಿಗೆ ಬಿಡಿ, ಅದಕ್ಕೆ ಇದು ಆಟದಂತೆ, ಸಿಒಪಿ ಮೂರೂವರೆಯ ಆಸುಪಾಸು ಸಿಗುತ್ತದೆ. ಗೂಡು ಬೇಯಿಸುವ 95 ಡಿಗ್ರಿಗೆ ಹೊದಿಕೆ ಹಾಕಿದ, ಮುಚ್ಚಳವಿರುವ ತೊಟ್ಟಿಯಲ್ಲಿ ನೇರ ಹೀಟರ್. ಅರ್ಧರ್ಧ ಎಂದು ಹಿಡಿದರೆ 90 ಯೂನಿಟ್ ನೇರವಾಗಿ, ಇನ್ನು 90 ಯೂನಿಟ್ ಶಾಖಕ್ಕೆ ಹೀಟ್ ಪಂಪಿನಲ್ಲಿ 26 ಯೂನಿಟ್. ಒಟ್ಟು 116 ಯೂನಿಟ್, 812 ರೂಪಾಯಿ. ಹೆಚ್ಚಿದ ನಿಗದಿತ ಶುಲ್ಕ ಸೇರಿಸಿ ಸಾವಿರ ಎನ್ನಿ. ದಿನಕ್ಕೆ 800 ರೂಪಾಯಿ ಉಳಿತಾಯ, ವರ್ಷಕ್ಕೆ 250 ದಿನ ಬೇಸಿನ್ ನಡೆದರೆ ಎರಡು ಲಕ್ಷ. ಎಲ್ಲ ಸೇರಿ ಐದು ಲಕ್ಷದೊಳಗೆ ಕೆಲಸ ಮುಗಿದರೆ ಎರಡೂವರೆ ವರ್ಷದಲ್ಲಿ ಹಣ ವಾಪಸ್. ಹತ್ತು ಲಕ್ಷದ ಕೊಟೇಷನ್ ತಂದರೆ ಟೀ ಕುಡಿಸಿ ಕಳುಹಿಸಿಬಿಡಿ.

ಒಂದು ಕಿವಿಮಾತು. ಬೆಳಿಗ್ಗೆ ಆರಕ್ಕೆ ಬಂದು 400 ಲೀಟರನ್ನು ಒಂದೇ ಗಂಟೆಯಲ್ಲಿ ಕಾಯಿಸಬೇಕೆಂದರೆ 32 ಕಿಲೋವಾಟ್ ಬೇಕು. ಟೈಮರ್ ಹಾಕಿ ಮೂರು ಗಂಟೆಗೇ ಶುರು ಮಾಡಿದರೆ 11 ಸಾಕು. ಹೊದಿಕೆಯಿರುವ ತೊಟ್ಟಿ ಅಷ್ಟು ಹೊತ್ತು ಬಿಸಿ ಹಿಡಿದುಕೊಳ್ಳುತ್ತದೆ.

ಶಿಡ್ಲಘಟ್ಟ: ಕರೆಂಟ್ ಹೋದರೆ? ಬೆಂದ ಗೂಡು ಕೆಡುತ್ತದೆ ಅಣ್ಣ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗುವುದಿಲ್ಲ. ಇನ್ನೊಂದು, ನಮ್ಮ ಬೋರ್‌ವೆಲ್ ನೀರು ಬಹಳ ಗಡಸು.

ಆಡಿಟರ್: ಒಲೆಯನ್ನು ಒಡೆಯಬೇಡಿ. ಮೊದಲ ವರ್ಷವಂತೂ ಹಾಗೆಯೇ ಇರಲಿ. ಬಿಸಿನೀರನ್ನು ಕೂಡಿಡುವ ತೊಟ್ಟಿ ತುಸು ದೊಡ್ಡದಾಗಿದ್ದರೆ ಒಂದೆರಡು ಗಂಟೆ ಕರೆಂಟ್ ಇಲ್ಲದಿದ್ದರೂ 45 ಡಿಗ್ರಿಯ ಕಡೆ ತೊಂದರೆಯಿಲ್ಲ. ಸಾವಿರ ಲೀಟರ್ ನೀರು 65ರಿಂದ 45ಕ್ಕೆ ಇಳಿಯುವಷ್ಟರಲ್ಲಿ 23 ಯೂನಿಟ್ ಶಾಖ ಕೊಡುತ್ತದೆ. ಎಳೆ ಸುತ್ತುವ ಮೋಟಾರಿಗೆ ಹೇಗೂ ಜನರೇಟರ್ ಇಟ್ಟಿರುತ್ತೀರಿ, ಹೀಟರನ್ನು ಅದಕ್ಕೆ ಜೋಡಿಸಬೇಡಿ.

ಗಡಸು ನೀರಿನ ವಿಷಯ ನೀವು ಎತ್ತಿದ್ದು ಒಳ್ಳೆಯದಾಯಿತು. ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ನೀರಿನಲ್ಲಿ ಹೀಟರ್ ಸರಳಿನ ಮೇಲೆ ಸುಣ್ಣದ ಪದರ ಕೂರುವುದು ತಿಂಗಳ ಮಾತಲ್ಲ, ವಾರದ ಮಾತು. ಪದರ ದಪ್ಪವಾದಂತೆ ಸರಳು ಒಳಗೇ ಕಾದು ಸುಟ್ಟುಹೋಗುತ್ತದೆ. ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ಇಲ್ಲದೆ ಹೀಟರ್ ಹಾಕಿಸಲೇಬೇಡಿ. ಹೀಟ್ ಪಂಪಿನ ನೀರನ್ನು ಮುಚ್ಚಿದ ಸುತ್ತಿನಲ್ಲೇ ಓಡಿಸಿ, ಬೇಸಿನ್ ನೀರನ್ನು ಎಕ್ಸ್‌ಚೇಂಜರ್ ಮೂಲಕ ಕಾಯಿಸಿ. ಬೇಯಿಸಿದ ನೀರನ್ನು ಚರಂಡಿಗೆ ಬಿಡುವ ಮುನ್ನ ಅದರಲ್ಲೊಂದು ಸುರುಳಿ ಪೈಪ್ ಮುಳುಗಿಸಿ ಹೊಸ ನೀರನ್ನು ಅದರ ಮೂಲಕ ಹಾಯಿಸಿ. ಸುರುಳಿ ಎತ್ತಿ ತೊಳೆಯುವ ಹಾಗಿರಬೇಕು, ಗೂಡಿನ ಅಂಟು ಅದಕ್ಕೆ ಮೆತ್ತಿಕೊಳ್ಳುತ್ತದೆ.

ಗೌರಿಬಿದನೂರು, ಗಾರ್ಮೆಂಟ್ಸ್ ಘಟಕ: ನಮಸ್ಕಾರ ಸರ್. ನಮ್ಮಲ್ಲಿ ಹಬೆ ಬೇಕಾಗಿರುವುದು ಇಸ್ತ್ರಿಗೆ ಮಾತ್ರ. ಬಾಯ್ಲರ್ ಕಟ್ಟಡದ ಆ ತುದಿಯಲ್ಲಿ, ಇಸ್ತ್ರಿ ಮೇಜುಗಳು ಈ ತುದಿಯಲ್ಲಿ.

ಆಡಿಟರ್: ಮೇಡಂ, ನಿಮಗೆ ಒಂದೇ ಮಾತಿನ ಉತ್ತರ: ಬದಲಾಯಿಸಿ. ಎರಡು ಮೇಜಿಗೊಂದು ಸಣ್ಣ ವಿದ್ಯುತ್ ಹಬೆಯಂತ್ರ ಇಡಿ, ಉದ್ದದ ಪೈಪನ್ನೇ ಕಿತ್ತುಹಾಕಿ. ಪಾಳಿ ಮುಗಿದ ಮೇಲೆ ಒಂದು ಮೇಜು ಮಾತ್ರ ನಡೆಯುವಾಗಲೂ ಇಡೀ ಪೈಪನ್ನು ಬಿಸಿಯಾಗಿಡುವ ಖರ್ಚು ತಪ್ಪುತ್ತದೆ. 25 ಲೀಟರಿಗಿಂತ ಕಡಿಮೆ ಹಿಡಿಯುವ ಪಾತ್ರೆ ಕಾನೂನಿನ ವ್ಯಾಖ್ಯೆಯಲ್ಲಿ ಬಾಯ್ಲರ್ ಅಲ್ಲ, ಹಾಗಾಗಿ ವರ್ಷ ವರ್ಷ ತಪಾಸಣೆಯ ಓಡಾಟವೂ ಇಲ್ಲ. ನೀರನ್ನು 100 ಡಿಗ್ರಿಯೊಳಗೆ ಕಾಯಿಸುವ ಪಾತ್ರೆಗೂ ಇದೇ ವಿನಾಯಿತಿ. ಹಿರೇಹಳ್ಳಿಯವರೂ ಇದನ್ನು ಗಮನಿಸಿ. ಆದರೆ ದೊಡ್ಡ ವಿದ್ಯುತ್ ಹಬೆ ಬಾಯ್ಲರ್ ಹಾಕಿಸಿದರೆ, ಒಳಗೆ ಬೆಂಕಿ ಇಲ್ಲದಿದ್ದರೂ ಕಾನೂನು ಅದನ್ನು ಬಾಯ್ಲರ್ ಎಂದೇ ನೋಡುತ್ತದೆ.

ಚಿಂತಾಮಣಿ, ಡೇರಿ ಘಟಕ: ದಿನಕ್ಕೆ 5,000 ಲೀಟರ್ ಹಾಲು. ಪ್ಯಾಶ್ಚರೀಕರಣ, ಪನೀರ್, ಸ್ವಲ್ಪ ತುಪ್ಪ. ಬ್ರಿಕೆಟ್ ಬಾಯ್ಲರ್ ಇದೆ, ಪಕ್ಕದಲ್ಲೇ ಹಾಲು ತಣಿಸುವ ಚಿಲ್ಲರ್ ಇದೆ.

ಆಡಿಟರ್: ಆ "ಪಕ್ಕದಲ್ಲೇ" ಎಂಬ ಪದದಲ್ಲಿ ನಿಮ್ಮ ಹಣವಿದೆ. ಹಾಲನ್ನು 35ರಿಂದ 4 ಡಿಗ್ರಿಗೆ ಇಳಿಸುವಾಗ ಚಿಲ್ಲರ್ ಅದರಿಂದ ಸುಮಾರು 175 ಯೂನಿಟ್ ಶಾಖ ಎಳೆಯುತ್ತದೆ. ಕಂಪ್ರೆಸರಿನ ಶ್ರಮವನ್ನೂ ಸೇರಿಸಿದರೆ 230ರ ಹತ್ತಿರ. ಅಷ್ಟನ್ನೂ ಫ್ಯಾನ್ ಹಚ್ಚಿ ಚಿಂತಾಮಣಿಯ ಗಾಳಿಗೆ ಊದುತ್ತಿದ್ದೀರಿ. ಹತ್ತು ಹೆಜ್ಜೆ ಆಚೆ ಬ್ರಿಕೆಟ್ ಸುಟ್ಟು ನೀರು ಕಾಯಿಸುತ್ತಿದ್ದೀರಿ.

ಮೊದಲು ಚಿಲ್ಲರಿಗೆ ಡಿಸೂಪರ್‌ಹೀಟರ್ ಹಾಕಿಸಿ, ಅದು ಕಂಪ್ರೆಸರಿನಿಂದ ಬರುವ ಬಿಸಿ ಅನಿಲದ ಶಾಖವನ್ನು ನೀರಿಗೆ ಕೊಡುವ ಸಾಧನ. ಬಿಡುವ ಶಾಖದಲ್ಲಿ ಐದನೆಯ ಒಂದು ಭಾಗದಷ್ಟು 60 ಡಿಗ್ರಿ ನೀರಾಗಿ ಸಿಗುತ್ತದೆ, ಕ್ಯಾನ್ ತೊಳೆಯಲು ಸಾಕು. ಉಳಿದದ್ದು 35–40 ಡಿಗ್ರಿಯ ಬೆಚ್ಚಗಿನ ಶಾಖ. ಅದನ್ನು ಎತ್ತಿ 80 ಡಿಗ್ರಿ ಮಾಡಲು ಒಂದು ಹೀಟ್ ಪಂಪ್. ಪ್ಯಾಶ್ಚರೀಕರಣ ಎಂದರೆ 72 ಡಿಗ್ರಿಯಲ್ಲಿ 15 ಸೆಕೆಂಡ್, ಅದಕ್ಕೆ 80 ಡಿಗ್ರಿಯ ನೀರು ಧಾರಾಳ. ತುಪ್ಪಕ್ಕೆ ನೂರು ದಾಟಬೇಕು, ಅದನ್ನು ಬಾಯ್ಲರಿಗೇ ಬಿಡಿ. ವಾರದಲ್ಲಿ ಎರಡು ದಿನ ಉರಿಸಿದರೆ ಸಾಕಾಗಬಹುದು. ನಿಮಗೆ ಯಾರಾದರೂ ಇಂಗಾಲದ ಡೈಆಕ್ಸೈಡ್ ಬಳಸುವ ಹೀಟ್ ಪಂಪ್ ತೋರಿಸಿ 90 ಡಿಗ್ರಿ ಬರುತ್ತದೆ ಎಂದರೆ, ಬರುತ್ತದೆ. ಒಳಗೆ ಹೋಗುವ ನೀರು ತಣ್ಣಗಿರಬೇಕು ಅಷ್ಟೆ. ಒಂದೇ ನೀರನ್ನು ಸುತ್ತಿಸಿ 70ರಿಂದ 80ಕ್ಕೆ ಏರಿಸುವ ಕೆಲಸಕ್ಕೆ ಅದು ತಕ್ಕದ್ದಲ್ಲ.

ಶ್ರೀನಿವಾಸಪುರ, ಮಾವಿನ ಪಲ್ಪ್ ಘಟಕ: ನಮ್ಮದೂ ಹಬೆಯೇ ಸರ್. ಮೇ ತಿಂಗಳಿನಿಂದ ಜುಲೈವರೆಗೆ ಹಗಲು ರಾತ್ರಿ, ಆಮೇಲೆ ಬೀಗ.

ಆಡಿಟರ್: ಕರೆಂಟಿನ ಯೋಚನೆ ಬಿಟ್ಟುಬಿಡಿ. ಗಂಟೆಗೆ ಒಂದು ಟನ್ ಹಬೆಗೆ ಸುಮಾರು 700 ಕಿಲೋವಾಟ್ ಲೋಡ್ ಬೇಕು. ಮೂರು ತಿಂಗಳ ಕೆಲಸಕ್ಕೆ ಹನ್ನೆರಡು ತಿಂಗಳು ಶುಲ್ಕ ಕಟ್ಟುವುದು ಯಾವ ನ್ಯಾಯ? ಹಬೆ ತಣಿದು ಆದ ಬಿಸಿ ಕಂಡೆನ್ಸೇಟ್ ನೀರನ್ನು ಬಾಯ್ಲರಿಗೆ ವಾಪಸ್ ತನ್ನಿ, ಪೈಪಿಗೆ ಹೊದಿಕೆ ಹಾಕಿಸಿ.

ಮಾಲೂರು, ಹೆಂಚು ಮತ್ತು ಇಟ್ಟಿಗೆ: ನಮ್ಮ ಗೂಡು 900 ಡಿಗ್ರಿ ದಾಟುತ್ತದೆ. ನಮಗೂ ಬೇಡವೇ?

ಆಡಿಟರ್: ಸದ್ಯಕ್ಕೆ ಬೇಡ. ವಿದ್ಯುತ್ ಗೂಡುಗಳು ಪಿಂಗಾಣಿಯಂಥ ಬೆಲೆಬಾಳುವ ಸರಕಿಗೆ ನಡೆಯುತ್ತವೆ. ಒಂದು ಇಟ್ಟಿಗೆಗೆ ನಿಮಗೆ ಸಿಗುವ ದರದಲ್ಲಿ ಅಷ್ಟು ಯೂನಿಟ್ ಹಿಡಿಸುವುದಿಲ್ಲ. ಸುಟ್ಟ ಇಟ್ಟಿಗೆ ಆರುವಾಗ ಬಿಡುವ ಬಿಸಿಗಾಳಿಯಲ್ಲಿ ಹಸಿ ಇಟ್ಟಿಗೆ ಒಣಗಿಸುತ್ತೀರಾ? ಇಲ್ಲದಿದ್ದರೆ ಅಲ್ಲಿಂದ ಶುರುಮಾಡಿ.

ಅಂತರಸನಹಳ್ಳಿ, ಫೋರ್ಜಿಂಗ್ (ಕಾಯಿಸಿದ ಕಬ್ಬಿಣವನ್ನು ಬಡಿದು ರೂಪ ಕೊಡುವ) ಘಟಕ: ಹಾಗಾದರೆ 1,200 ಡಿಗ್ರಿಯ ನಮ್ಮ ಕುಲುಮೆಗೆ ನೀವು ಖಂಡಿತ ಬೇಡ ಎನ್ನುತ್ತೀರಿ. ಫರ್ನೇಸ್ ಆಯಿಲ್, ಟನ್ನಿಗೆ 120 ಲೀಟರ್.

ಆಡಿಟರ್: ತಪ್ಪು ಊಹೆ. ನಿಮಗೆ ಬೇಕು ಎನ್ನುತ್ತೇನೆ.

ಇಟ್ಟಿಗೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಕಬ್ಬಿಣದಲ್ಲಿ ಹರಿಯುತ್ತದೆ. ಇಂಡಕ್ಷನ್ ಕಾಯಿಲ್ ಒಳಗೆ ಸರಳಿನ ತುಂಡನ್ನು ತೂರಿಸಿದರೆ ಶಾಖ ಹುಟ್ಟುವುದು ಕಬ್ಬಿಣದ ಒಳಗೇ. ಕುಲುಮೆಯ ಗೋಡೆ, ಚಿಮಣಿ ಯಾವುದನ್ನೂ ಕಾಯಿಸಬೇಕಿಲ್ಲ. ನಿಮ್ಮ 120 ಲೀಟರ್ ಎಂದರೆ ಟನ್ನಿಗೆ 1,200 ಯೂನಿಟ್‌ಗಿಂತ ಹೆಚ್ಚು ಶಾಖ. ಇಂಡಕ್ಷನ್‌ನಲ್ಲಿ ಅದೇ ಟನ್ 350ರಿಂದ 400 ಯೂನಿಟ್‌ಗೆ ಮುಗಿಯುತ್ತದೆ, ಅಂದರೆ 2,800 ರೂಪಾಯಿಯೊಳಗೆ. ನಿಮ್ಮ ಎಣ್ಣೆ ಬಿಲ್ಲಿನ ಪಕ್ಕ ಇದನ್ನು ಇಟ್ಟು ನೋಡಿ. ಇದರ ಮೇಲೆ ಸಿಪ್ಪೆಯ ಲೆಕ್ಕ. ಎಣ್ಣೆ ಕುಲುಮೆಯಲ್ಲಿ ಕಬ್ಬಿಣ ಗಂಟೆಗಟ್ಟಲೆ ಕೂತು ಮೇಲ್ಮೈ ಸುಟ್ಟು ಉದುರುತ್ತದೆ, ಶೇ 2ರಿಂದ 3ರಷ್ಟು ಹೋಗುತ್ತದೆ. ಇಂಡಕ್ಷನ್‌ನಲ್ಲಿ ನಿಮಿಷಗಳ ಕೆಲಸವಾದ್ದರಿಂದ ಶೇ 1ರ ಆಚೀಚೆ. ಟನ್ನಿಗೆ ಹತ್ತರಿಂದ ಇಪ್ಪತ್ತು ಕೆ.ಜಿ. ಉಕ್ಕು ಉಳಿದರೆ ಅದೇ ಒಂದು ಲಾಭ.

ತೊಡಕು ಬೇರೆ ಕಡೆ ಇದೆ. ಕಾಯಿಲ್ ಅಳತೆ ತುಂಡಿನ ದಪ್ಪಕ್ಕೆ ಹೊಂದಬೇಕು. ದಿನಕ್ಕೊಂದು ಅಳತೆಯ ಆರ್ಡರ್ ಹಿಡಿಯುವ ಘಟಕವಾದರೆ ಕಾಯಿಲ್ ಬದಲಾಯಿಸುವುದರಲ್ಲೇ ಪಾಳಿ ಮುಗಿಯುತ್ತದೆ. ನಿಮ್ಮ ಟನ್ನುಗಳಲ್ಲಿ ಬಹುಪಾಲು ಎರಡು ಮೂರು ಅಳತೆಯಲ್ಲೇ ಬರುತ್ತದೆಯೇ ನೋಡಿ. ಬಂದರೆ ಅವಕ್ಕೆ ಇಂಡಕ್ಷನ್, ಚಿಲ್ಲರೆ ಕೆಲಸಕ್ಕೆ ಹಳೆಯ ಕುಲುಮೆ. ಕಾಯಿಲ್ ತಂಪು ಮಾಡಲು ಬೋರ್‌ವೆಲ್ ನೀರು ನೇರವಾಗಿ ಬಿಡಬೇಡಿ, ಖನಿಜ ತೆಗೆದ ನೀರು ಮುಚ್ಚಿದ ಸುತ್ತಿನಲ್ಲಿ ಓಡಬೇಕು. ಈ ಯಂತ್ರ ವಿದ್ಯುತ್ ಜಾಲದಲ್ಲಿ ಎಬ್ಬಿಸುವ ಏರುಪೇರನ್ನು ತಡೆಯುವ ಹಾರ್ಮೋನಿಕ್ಸ್ ಫಿಲ್ಟರ್ ಬೆಲೆಯನ್ನೂ ಕೊಟೇಷನ್‌ನಲ್ಲೇ ಬರೆಸಿಕೊಳ್ಳಿ, ಆಮೇಲೆ ಅದು ಬೇರೆ ಬಿಲ್ಲಾಗಿ ಬರುತ್ತದೆ.

ಪಾವಗಡದ ಸದಸ್ಯರು: ಒಂದು ಮೂಲಭೂತ ಅನುಮಾನ. ಕರೆಂಟ್ ಬಹುಪಾಲು ಕಲ್ಲಿದ್ದಲಿನಿಂದಲೇ ಬರುವುದು. ಇಲ್ಲಿ ಡೀಸೆಲ್ ನಿಲ್ಲಿಸಿ ಅಲ್ಲಿ ಕಲ್ಲಿದ್ದಲು ಸುಟ್ಟರೆ ಏನು ಸಾಧಿಸಿದಂತಾಯಿತು? ನಮ್ಮ ತಾಲ್ಲೂಕಿನಲ್ಲಿ 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಇದೆ. ಆ ಕರೆಂಟ್ ನಮಗೇಕೆ ಅಗ್ಗದಲ್ಲಿ ಸಿಗುವುದಿಲ್ಲ?

ಆಡಿಟರ್: ಅನುಮಾನ ನ್ಯಾಯವಾದದ್ದೇ. ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ ಕರೆಂಟಿಗೆ ಸರಾಸರಿ 0.7 ಕೆ.ಜಿ.ಗೆ ತುಸು ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಒಂದು ಲೀಟರ್ ಡೀಸೆಲ್‌ಗೆ 2.7 ಕೆ.ಜಿ. ಹಿರೇಹಳ್ಳಿಯವರ ಲೆಕ್ಕವನ್ನೇ ಹಿಡಿಯಿರಿ. ಈಗ ದಿನಕ್ಕೆ ಸುಮಾರು 325 ಕೆ.ಜಿ. ಎಲೆಕ್ಟ್ರಿಕ್ ಬಾಯ್ಲರ್ ಹಾಕಿಸಿದರೆ 420ಕ್ಕೆ ಏರುತ್ತದೆ! ಹೀಟ್ ಪಂಪ್ ಹಾಕಿಸಿದರೆ 135ಕ್ಕೆ ಇಳಿಯುತ್ತದೆ. "ನಾವು ವಿದ್ಯುತ್ತಿಗೆ ಬದಲಾದೆವು" ಎಂದು ಬೋರ್ಡ್ ಹಾಕಿದ ಮಾತ್ರಕ್ಕೆ ಹಸಿರಾಗುವುದಿಲ್ಲ. ಯಾವ ಯಂತ್ರ ಎಂಬುದರ ಮೇಲೆ ಹೋಗುತ್ತದೆ.

ಪಾವಗಡದ ಕರೆಂಟ್ ಒಪ್ಪಂದದ ದರದಲ್ಲಿ ವಿತರಣಾ ಕಂಪನಿಗಳಿಗೆ ಹೋಗಿ, ಎಲ್ಲರ ಕರೆಂಟಿನ ಜೊತೆ ಬೆರೆಯುತ್ತದೆ. ಪಕ್ಕದಲ್ಲಿದ್ದೇವೆ ಎಂಬುದಕ್ಕೆ ರಿಯಾಯಿತಿ ಇಲ್ಲ. ಆದರೆ ಕೇಂದ್ರದ 2022ರ ಹಸಿರು ಮುಕ್ತ ಪ್ರವೇಶ ನಿಯಮಗಳು, ಮೊದಲು ಒಂದು ಮೆಗಾವಾಟ್ ಇದ್ದ ಮಿತಿಯನ್ನು ಇಳಿಸಿ, 100 ಕಿಲೋವಾಟ್ ಲೋಡ್ ಇರುವವರಿಗೂ ಸೌರ, ಪವನ ವಿದ್ಯುತ್ತನ್ನು ಉತ್ಪಾದಕರಿಂದ ನೇರವಾಗಿ ಕೊಳ್ಳಲು ಅವಕಾಶ ಕೊಟ್ಟವು. 2024ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮಗಳನ್ನು ರದ್ದುಪಡಿಸಿತು, ಹಾಗಾಗಿ ಸದ್ಯದ ಸ್ಥಿತಿ ಕೇಳಿಕೊಂಡೇ ಮುಂದುವರಿಯಿರಿ.  ಅದಕ್ಕೂ ಸಣ್ಣವರಿಗೆ ಚಾವಣಿ ಇದೆ, ಒಂದು ಕಿಲೋವಾಟ್ ಫಲಕದಿಂದ ದಿನಕ್ಕೆ ಸರಾಸರಿ 4 ಯೂನಿಟ್. ಹಗಲಿನ ಸೌರ ವಿದ್ಯುತ್ತನ್ನು ಬ್ಯಾಟರಿಯಲ್ಲಿ ಕೂಡಿಡುವುದಕ್ಕಿಂತ ಬಿಸಿನೀರಾಗಿ ಕೂಡಿಡುವುದು ಎಷ್ಟೋ ಅಗ್ಗ. ಶಾಖವೇ ಬೇಕಾಗಿರುವ ನಮಗೆ ಇರುವ ಅನುಕೂಲ ಅದು.

ಕೆಜಿಎಫ್‌ನ ಹಿರಿಯ ಸದಸ್ಯರು: ಇಂಧನ ಬಿಟ್ಟು ಕರೆಂಟ್ ಹಿಡಿಯುವುದು ನಮ್ಮ ಜಿಲ್ಲೆಗೆ ಹೊಸದೇ? 1902ರಲ್ಲೇ ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು ಚಿನ್ನದ ಗಣಿಗೆ ಕರೆಂಟ್ ತಂದರು. ಅಷ್ಟು ಹಿಂದೆಯೇ ಆದ ಕೆಲಸ ಬಾಯ್ಲರಿಗೆ ಬರಲು ಇಷ್ಟು ವರ್ಷ ಯಾಕೆ ಬೇಕಾಯಿತು?

ಆಡಿಟರ್: ಯಜಮಾನರೇ, ನೀವು ಇಡೀ ಚರ್ಚೆಯ ಬೇರಿಗೇ ಕೈ ಹಾಕಿದಿರಿ. ಅಂದು ಗಣಿಯಲ್ಲಿ ಬೇಕಾಗಿದ್ದದ್ದು ಚಲನೆ. ಉಗಿಯಂತ್ರ ಸುಟ್ಟ ಇಂಧನದಲ್ಲಿ ಹತ್ತನೆಯ ಒಂದು ಭಾಗವನ್ನು ಚಲನೆಯಾಗಿಸಿದರೆ ಅದೇ ಹೆಚ್ಚು, ಮೋಟಾರ್ ಕೊಟ್ಟ ಕರೆಂಟಿನ ಬಹುಪಾಲನ್ನು ಚಲನೆಯಾಗಿಸುತ್ತದೆ. ಹಾಗಾಗಿ ಅಲ್ಲಿ ವಿದ್ಯುತ್ ಒಂದೇ ಏಟಿಗೆ ಗೆದ್ದಿತು. ಶಾಖದಲ್ಲಿ ಹಾಗಲ್ಲ. ಬೆಂಕಿಯ ಸಹಜ ಕೆಲಸವೇ ಶಾಖ ಕೊಡುವುದು, ಒಳ್ಳೆಯ ಬಾಯ್ಲರ್ ಸುಟ್ಟದ್ದರಲ್ಲಿ ಶೇ 85ರಷ್ಟನ್ನು ಹಬೆ ಮಾಡುತ್ತದೆ. ಅದರ ಎದುರು ಬರಿಯ ಹೀಟರ್ ಇಟ್ಟು ಗೆಲ್ಲುವುದು ಕಷ್ಟ. ಹೀಟ್ ಪಂಪು ಒಂದಕ್ಕೆ ಮೂರು ಕೊಡುವುದರಿಂದಲೂ, ಇಂಡಕ್ಷನ್ ಬೇಕಾದಲ್ಲೇ ಶಾಖ ಹುಟ್ಟಿಸುವುದರಿಂದಲೂ ಈಗ ಲೆಕ್ಕ ತಿರುಗಿದೆ. ಅವೆರಡೂ ಹೊಂದದ ಕಡೆ ಇನ್ನೂ ಬೆಂಕಿಯದೇ ಮೇಲುಗೈ.

ತಿಪಟೂರು, ಕೊಬ್ಬರಿ ಪುಡಿ ಘಟಕ: ನಾವು ತೆಂಗಿನ ಚಿಪ್ಪನ್ನೇ ಸುಟ್ಟು ಒಣಗಿಸುತ್ತೇವೆ. ಬಿಟ್ಟಿ ಇಂಧನ. ನಮಗೆ ಈ ತಲೆನೋವು ಇಲ್ಲ ಅಲ್ಲವೇ?

ಆಡಿಟರ್: ಚಿಪ್ಪಿನ ಇದ್ದಿಲನ್ನು ಆ್ಯಕ್ಟಿವೇಟೆಡ್ ಕಾರ್ಬನ್ ಮಾಡುವವರು ದುಡ್ಡು ಕೊಟ್ಟು ಒಯ್ಯುತ್ತಾರೆ. ಹಾಗಾಗಿ ಬಿಟ್ಟಿ ಎನ್ನಬೇಡಿ, ಮಾರಿದ್ದರೆ ಸಿಗುತ್ತಿದ್ದ ಬೆಲೆ ನಿಮ್ಮ ಇಂಧನದ ಬೆಲೆ. ಅದನ್ನು ಬರೆದುಕೊಂಡ ಮೇಲೂ ಕಡಿಮೆಯೇ ಇದ್ದರೆ ಚಿಪ್ಪಿನಲ್ಲೇ ಮುಂದುವರಿಯಿರಿ.

ವಸಂತನರಸಾಪುರದ ಸದಸ್ಯರು: ಕೊನೆಯ ಪ್ರಶ್ನೆ ಸರ್. ಬೆಸ್ಕಾಂಗೆ ಲೋಡ್ ಹೆಚ್ಚಿಸುವ ಅರ್ಜಿ ಹಾಕುವ ಮೊದಲು ನಾವು ಏನು ಸಿದ್ಧ ಮಾಡಿಕೊಳ್ಳಬೇಕು? ಸಾಲಕ್ಕೆ ಏನಾದರೂ ನೆರವಿದೆಯೇ?

ಆಡಿಟರ್: ಒಂದು ವಾರ ಗಂಟೆಗೊಮ್ಮೆ ಬರೆದಿಡಿ: ಯಾವ ಯಂತ್ರಕ್ಕೆ ಎಷ್ಟು ಡಿಗ್ರಿ, ಎಷ್ಟು ಇಂಧನ, ಮೀಟರಿನಲ್ಲಿ ಎಷ್ಟು ಡಿಮ್ಯಾಂಡ್ (ಆ ಹೊತ್ತಿಗೆ ಎಳೆದ ಲೋಡ್). ಬಹಳ ಕಡೆ ಮಂಜೂರಾದ ಲೋಡ್‌ನಲ್ಲೇ ಜಾಗವಿರುತ್ತದೆ. ಎಲ್ಲ ಯಂತ್ರಗಳೂ ಒಟ್ಟಿಗೆ ಓಡುವ ಆ ಅರ್ಧ ಗಂಟೆ ಮಾತ್ರ ಇಕ್ಕಟ್ಟು. ಆ ಹೊತ್ತಿನಲ್ಲಿ ಹೀಟ್ ಪಂಪ್ ನಿಲ್ಲುವಂತೆ ಟೈಮರ್ ಹಾಕಿದರೆ ಹೊಸ ಲೋಡ್ ಬೇಡವೇ ಬೇಡ. ಲೋಡ್ ಮೀರಿದರೆ ಬೀಳುವ ದಂಡವೂ ತಪ್ಪುತ್ತದೆ.

ಸಾಲಕ್ಕೆ ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2025ರ ಜುಲೈನಲ್ಲಿ ಆರಂಭಿಸಿದ 'ಅಡೀಟಿ' ಯೋಜನೆ ನೋಡಿ. ಇಂಧನ ಉಳಿಸುವ ಯಂತ್ರಗಳ ಸಾಲದ ಮೇಲೆ ಅತಿಸಣ್ಣ, ಸಣ್ಣ ಘಟಕಗಳಿಗೆ ಶೇ 5, ಮಧ್ಯಮ ಘಟಕಗಳಿಗೆ ಶೇ 3 ಬಡ್ಡಿ ರಿಯಾಯಿತಿ. ಕೆಲವು ವಲಯಗಳಿಗೆ ಮಾತ್ರ ಸೀಮಿತವಾದ್ದರಿಂದ ಯಂತ್ರಕ್ಕೆ ಮುಂಗಡ ಕೊಡುವ ಮೊದಲೇ ನಿಮ್ಮ ವಲಯ ಪಟ್ಟಿಯಲ್ಲಿದೆಯೇ ಎಂದು ಪರಿಶೀಲಿಸಿ.

ಕೊಟೇಷನ್ ತರುವವರಿಗೆ ಒಂದು ಷರತ್ತು ಹಾಕಿ. ಸಿಒಪಿ 4 ಎಂದು ಬರೆದರೆ ಸಾಲದು. ಹೊರಗಿನ ಗಾಳಿ ಎಷ್ಟು ಡಿಗ್ರಿ ಇದ್ದಾಗ, ನೀರು ಎಷ್ಟು ಡಿಗ್ರಿಯಲ್ಲಿ ಒಳಗೆ ಹೋಗಿ ಎಷ್ಟರಲ್ಲಿ ಹೊರಬಂದಾಗ 4 ಎಂದು ಬರೆಸಿಕೊಳ್ಳಿ. ಶಾಖ ಅಳೆಯುವ ಮೀಟರ್ ಒಂದು, ಕರೆಂಟ್ ಮೀಟರ್ ಒಂದು ಯಂತ್ರದ ಜೊತೆಯಲ್ಲೇ ಬರಲಿ. ಕೊನೆಯ ಕಂತನ್ನು ಆ ಎರಡು ಮೀಟರುಗಳ ಒಂದು ತಿಂಗಳ ಲೆಕ್ಕ ನೋಡಿದ ಮೇಲೆ ಕೊಡಿ.